ಅಕ್ಕಾವ್ರ ಕುಟ್ಟಾಣಿ

ಅಕ್ಕಾವ್ರು ಹೋದರು ಅಂತ ಫೋನ್ ಬಂದಾಗ ನಾನು ಅಡಿಗೆಮನೆಯಲ್ಲಿ ಟೀಗೆ ಶುಂಠಿ ಜಜ್ಜುತ್ತಿದ್ದೆ. ಫೋನಿಟ್ಟು, ಕಣ್ಣೊರೆಸಿಕೊಂಡು, ಉಳಿದ ಶುಂಠಿಯನ್ನೂ ಕುಟ್ಟಾಣಿಗೆ ಹಾಕಿ ಪೂರ್ತಿ ಜಜ್ಜಿದೆ. ಇಂಥ ಹೊತ್ತಿನಲ್ಲೂ ಇವಳಿಗೆ ಟೀ ಬೇಕಾಯಿತಲ್ಲ ಎಂದು ನಮ್ಮ ಮನೆಯವರು ನೋಡಿದರು. ಅವರಿಗೆ ಏನು ಗೊತ್ತು. ಹತ್ತು ವರ್ಷದ ಹಿಂದಾಗಿದ್ದರೆ ನಾನೂ ಕೈ ನಿಲ್ಲಿಸುತ್ತಿದ್ದೆ. ಈಗ ನಿಲ್ಲಿಸಿದ್ದರೆ ಅಕ್ಕಾವ್ರೇ ಬೈಯುತ್ತಿದ್ದರು.

ಮೈಸೂರಿನ ಮೇಟಗಳ್ಳಿಯ ಅವರ ಮನೆಯಲ್ಲಿ ಬಹಳ ಕಾಲ ಕುಟ್ಟಾಣಿ ಇರಲಿಲ್ಲ. ಮಿಕ್ಸಿ ಇತ್ತು, ಗ್ರೈಂಡರ್ ಇತ್ತು, ಒಂದು ಪುಟ್ಟ ಕುಟ್ಟಾಣಿ ಮಾತ್ರ ಇರಲಿಲ್ಲ. ಶುಂಠಿಯನ್ನು ಚಾಕುವಿನಲ್ಲಿ ಹೆಚ್ಚಿ ಟೀಗೆ ಹಾಕುತ್ತಿದ್ದರು. ಆ ಟೀಗೆ ಶುಂಠಿಯ ಹೆಸರು ಮಾತ್ರ, ಖಾರ ಇಲ್ಲ. ಇದರಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದು ಅವರ ಯಜಮಾನರು. ಪಕ್ಕದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಆ ಮನುಷ್ಯರಿಗೆ ಇದ್ದದ್ದು ಒಂದೇ ಚಟ, ಎಲೆ ಅಡಿಕೆ. ಹಲ್ಲು ಹೋದ ಮೇಲೆ ಅದನ್ನು ಕುಟ್ಟದೆ ಬಾಯಿಗೆ ಹಾಕುವ ಹಾಗಿಲ್ಲ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣದ ಡಬ್ಬಿ ಹಿಡಿದು ಪಕ್ಕದ ಮನೆಯ ಜಗಲಿಗೆ ಹೋಗಿ, ಅವರ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು, ಬಾಯಿ ಕೆಂಪು ಮಾಡಿಕೊಂಡು ವಾಪಸು ಬರುತ್ತಿದ್ದರು. ನಾನು ನಕ್ಕರೆ, ‘ಏನ್ಮಾಡದು ಕಣಮ್ಮ, ನಮ್ಮನೇಲಿ ಅದಕ್ಕೆ ಪರ್ಮಿಷನ್ ಇಲ್ಲ’ ಅನ್ನುತ್ತಿದ್ದರು.

ಯಾಕೆ ಇಲ್ಲ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಇಡೀ ಕೆಲಸದ ಕಾಲವನ್ನು ಕುಟ್ಟಾಣಿಯ ಮುಂದೆ ಕಳೆದ ಹೆಂಗಸು, ಮನೆಯಲ್ಲೂ ಅದರ ಮುಖ ನೋಡಲಾರದೆ ಹಾಗೆ ಮಾಡಿರಬಹುದು ಅಂತ.

ನಮ್ಮದು ರೇಷ್ಮೆಯ ಬಿತ್ತನೆ ಕೋಠಿ. ಎಂದರೆ ರೇಷ್ಮೆ ಹುಳದ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಕಚೇರಿ. ಗೂಡು ಒಡೆದು ಚಿಟ್ಟೆ ಹೊರಗೆ ಬರುತ್ತದೆ, ಜೋಡಿಯಾಗುತ್ತದೆ, ಹೆಣ್ಣು ಮೊಟ್ಟೆ ಇಡುತ್ತದೆ. ಪುಸ್ತಕ ಓದಿದವರು ಅದನ್ನು ಪತಂಗ ಅನ್ನಬೇಕು ಎನ್ನುತ್ತಾರೆ. ನಮ್ಮಲ್ಲಿ ಎಲ್ಲರಿಗೂ ಅದು ಚಿಟ್ಟೆಯೇ. ಈ ಹುಳಗಳಿಗೆ ಗಂಟುರೋಗ ಎಂಬ ಒಂದು ಕಾಯಿಲೆ ಬರುತ್ತದೆ. ತಾಯಿಗೆ ಇದ್ದರೆ ಮೊಟ್ಟೆಯ ಒಳಗಿನಿಂದಲೇ ಮಕ್ಕಳಿಗೆ ಅಂಟುತ್ತದೆ. ಅದಕ್ಕೇ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಕುಟ್ಟಾಣಿಗೆ ಹಾಕಿ, ಔಷಧದ ನೀರು ಬಿಟ್ಟು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಕ್ಕಿಕಾಳಿನ ಆಕಾರದ, ಮಿಣಮಿಣ ಹೊಳೆಯುವ ಪುಟ್ಟ ಕಣಗಳು ಕಂಡರೆ ಕಾಯಿಲೆ ಇದೆ ಎಂದರ್ಥ. ಆ ತಾಯಿ ಇಟ್ಟ ಮೊಟ್ಟೆಗಳನ್ನೆಲ್ಲ ಸುಡಬೇಕು. ಕಾಣದಿದ್ದರೆ ಮೊಟ್ಟೆ ರೈತರ ಮನೆಗೆ.

ಈ ಪರೀಕ್ಷೆಯ ಕೋಣೆಗೆ ಅಕ್ಕಾವ್ರೇ ದೊಡ್ಡವರು. ಹುದ್ದೆಯ ಹೆಸರು ಬೇರೆ ಏನೋ ಇತ್ತು. ಶಾಲೆಯಲ್ಲಿ ಪಾಠ ಹೇಳುವ ಅಕ್ಕಾವ್ರ ಹಾಗೆ ತಪ್ಪು ಹಿಡಿಯುತ್ತಿದ್ದರಿಂದ ಅವರು ಎಲ್ಲರಿಗೂ ಅಕ್ಕಾವ್ರಾದರು. ನಾನು ಕೆಲಸಕ್ಕೆ ಸೇರಿದಾಗ ಅವರ ಪಕ್ಕದ ಮೈಕ್ರೋಸ್ಕೋಪು ನನಗೆ ಬಂತು. ಅಕ್ಕಾವ್ರು ಕುಳ್ಳಗೆ, ಕಪ್ಪಗೆ, ಗಟ್ಟಿ ಮೈಕಟ್ಟು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗಣ್ಣಲ್ಲಿ ಮೈಕ್ರೋಸ್ಕೋಪು ನೋಡಲು ಕನ್ನಡಕ ತೆಗೆದಿಟ್ಟು, ಒಂದೊಂದು ಚಿಟ್ಟೆಯನ್ನೂ ಮೊದಲು ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅದರ ರೆಕ್ಕೆಯ ಮೇಲೆ ಮೆಲ್ಲಗೆ ಒಮ್ಮೆ ಊದುತ್ತಿದ್ದರು. ‘ಬಾ ತಾಯಿ, ನಿನ್ನ ಮಕ್ಕಳ ಯೋಗ್ಯತೆ ಹೇಳು’ ಅನ್ನುತ್ತಿದ್ದರು. ಆಮೇಲೆ ಕುಟ್ಟಾಣಿ. ಊದುವುದು ಯಾತಕ್ಕೆ ಎಂದು ನಾನು ಕೇಳಿದ್ದಕ್ಕೆ, ‘ಯಾವ ಮುಖ ಇಟ್ಕೊಂಡು ಸುಮ್ನೆ ಅರೆಯದು, ಒಂದ್ ಮಾತು ಕೇಳ್ಬುಟ್ಟು ಅರೀಬೇಕು’ ಅಂದರು. ಎಷ್ಟು ಚಿಟ್ಟೆ ಬಂದರೂ, ಎಷ್ಟೇ ಅವಸರವಿದ್ದರೂ ಊದದೆ ಅರೆದವರಲ್ಲ. ನಾವು ಉಳಿದವರು ಹಾಗೆ ಮಾಡುತ್ತಿರಲಿಲ್ಲ, ಮಾಡಿದರೆ ಸಂಜೆಯಾದರೂ ಕೆಲಸ ಮುಗಿಯುತ್ತಿರಲಿಲ್ಲ. ಅವರದು ಮಾತ್ರ ಹೇಗೋ ಎಲ್ಲರಿಗಿಂತ ಮೊದಲು ಮುಗಿದಿರುತ್ತಿತ್ತು.

ಮೇಟಗಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರಂತೆ. ಒಂದು ಸಲ ಹುಳಗಳ ಮೈಮೇಲೆ ಮೆಣಸಿನಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆ ಎದ್ದು, ಇಡೀ ಬೆಳೆ ಸಾಕುವ ಬಿದಿರು ತಟ್ಟೆಯಲ್ಲೇ ಸತ್ತಿತಂತೆ. ಅವರ ತಾಯಿ ತಟ್ಟೆಗಳನ್ನು ತಿಪ್ಪೆಗೆ ಬಗ್ಗಿಸಿದ್ದನ್ನು ಅವರು ಬಾಗಿಲಲ್ಲಿ ನಿಂತು ನೋಡಿದ್ದರು. ಇದನ್ನು ನನಗೆ ಒಂದೇ ಸಲ ಹೇಳಿದ್ದು, ಅದೂ ಊಟದ ಡಬ್ಬಿ ತೊಳೆಯುತ್ತಾ. ಯಾರದೋ ಕೋಠಿಯಲ್ಲಿ ಯಾರೋ ಒಬ್ಬರು ತಾಯಿಯನ್ನು ಸರಿಯಾಗಿ ನೋಡಿರಲಿಲ್ಲ, ಅಷ್ಟೇ ಎಂದರು.

ಈ ತಾಯಿಯನ್ನು ನೋಡುವ ಬುದ್ಧಿ ಅವರನ್ನು ಕಚೇರಿಯ ಹೊರಗೂ ಬಿಡಲಿಲ್ಲ. ನನ್ನ ತಮ್ಮನಿಗೆ ಹೆಣ್ಣು ನೋಡಲು ನಂಜನಗೂಡಿಗೆ ಹೋಗುವಾಗ ಅಮ್ಮ ಅವರನ್ನೂ ಕರೆದರು. ನಾವೆಲ್ಲ ಹಜಾರದಲ್ಲಿ ಕೂತು ಹುಡುಗಿಗೆ ಓದು, ಹಾಡು, ಅಡಿಗೆ ಅಂತ ಪ್ರಶ್ನೆ ಕೇಳುತ್ತಿದ್ದರೆ ಅಕ್ಕಾವ್ರು ಹುಡುಗಿಯ ತಾಯಿಯ ಹಿಂದೆ ಅಡಿಗೆಮನೆಗೆ ಹೋದವರು ಹೊರಗೆ ಬರಲೇ ಇಲ್ಲ. ವಾಪಸು ಹೊರಡುವಾಗ ವ್ಯಾನಿನ ಹತ್ತಿರ ಬಂದು, ‘ತಾಯಿ ಚೆನ್ನಾಗದೆ, ಒಪ್ಕಂಬುಡಿ’ ಅಂದರು. ಹುಡುಗಿ ಹೇಗನ್ನಿಸಿದಳು ಎಂದು ಅಮ್ಮ ಕೇಳಿದರೆ, ‘ನಾನು ನೋಡ್ಲಿಲ್ಲ ಕಣ್ರೀ’ ಎಂದರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಎಲ್ಲರೂ ಆಡುತ್ತಾರೆ. ಅದನ್ನು ಹೀಗೆ ಕಚೇರಿಯ ಕಾನೂನು ಮಾಡಿಕೊಂಡವರು ಅವರೊಬ್ಬರೇ ಇರಬೇಕು. ಮದುವೆಯಾಯಿತು, ಸಂಸಾರ ಚೆನ್ನಾಗಿದೆ. ನಮ್ಮಮ್ಮನನ್ನು ಅರೆದು ನೋಡದೆ ಬಿಟ್ಟಿದ್ದೇ ಪುಣ್ಯ ಎಂದು ತಮ್ಮನ ಹೆಂಡತಿ ಈಗಲೂ ಅನ್ನುತ್ತಾಳೆ.

ಇನ್ನೊಂದು ನೆನಪು ದಸರೆಯದು. ಬನ್ನಿಮಂಟಪದ ಪಂಜಿನ ಕವಾಯತಿಗೆ ಯಾರೋ ಎರಡು ಪಾಸು ಕೊಟ್ಟಿದ್ದರು, ನಾವಿಬ್ಬರೂ ಹೋದೆವು. ಸುತ್ತಲಿದ್ದವರು ಕುದುರೆ, ಮೋಟಾರ್ ಸೈಕಲ್ಲಿನ ಮೇಲೆ ನಿಂತ ಪೊಲೀಸರನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರೆ ಇವರು ತಲೆ ಎತ್ತಿ ಫ್ಲಡ್‌ಲೈಟ್ ಕಂಬ ನೋಡುತ್ತಿದ್ದರು. ಅಲ್ಲಿ ಹುಳಹುಪ್ಪಟೆ ಮುತ್ತಿಕೊಂಡು ಸುತ್ತುತ್ತಿದ್ದವು. ‘ಪಾಪ, ಯಾರ್ಯಾರ ಮನೇವೋ. ಬೆಳಕು ಬಿದ್ರೆ ಅವಕ್ಕೆ ದಾರಿ ಮರ್ತೋಯ್ತದೆ ಕಣಮ್ಮ. ಲೈಟ್ ಆರ್ಸಿದ್ರೆ ಅವರವರ ಕೆಲ್ಸಕ್ಕೆ ಹೋಯ್ತವೆ’ ಎಂದರು. ಲೈಟು ಆರಿಸಿದರೆ ಕವಾಯತು ಕಾಣುವುದು ಹೇಗೆ ಎಂದೆ. ಪಂಜು ಇದೆಯಲ್ಲ, ಮೊದಲಿನವರು ಅದರಲ್ಲೇ ನೋಡಲಿಲ್ಲವಾ ಎಂದರು. ಬರುವಾಗ ಕಡಲೆಕಾಯಿ ತಿನ್ನುತ್ತಾ ನಡೆದೆವು, ಅವರಿಗೆ ಕವಾಯತೂ ಇಷ್ಟವಾಗಿತ್ತು.

ಈಗ ಅಂಡಮಾನಿನ ವಿಷಯಕ್ಕೆ ಬರುತ್ತೇನೆ. ಆ ದ್ವೀಪಗಳ ಕಾಡಿನಲ್ಲಿ ಒಂದು ಜಾತಿಯ ರೇಷ್ಮೆ ಚಿಟ್ಟೆ ಇದೆ, ಪ್ರಪಂಚದ ಬೇರೆ ಎಲ್ಲೂ ಇಲ್ಲ. ಅದರ ಗೂಡಿನಿಂದ ನೂಲು ತೆಗೆಯಲು ಆಗುತ್ತದೆಯೇ ನೋಡಬೇಕು ಎಂದು ಒಂದು ಯೋಜನೆ ಬಂದು, ನಮ್ಮ ಕಚೇರಿಯಿಂದ ಒಬ್ಬರು ಅಲ್ಲಿಗೆ ಹೋಗಿ ಕೆಲಸ ಮಾಡಬೇಕಾಯಿತು. ಅಂಡಮಾನ್ ಎಂದರೆ ನಮ್ಮವರಿಗೆ ಆಗಲೂ ಕರಿನೀರಿನ ಶಿಕ್ಷೆಯೇ. ಒಬ್ಬರಿಗೆ ಬೆನ್ನುನೋವು ಬಂತು, ಇನ್ನೊಬ್ಬರಿಗೆ ಅತ್ತೆಯ ಕಾಯಿಲೆ ನೆನಪಾಯಿತು. ಅಕ್ಕಾವ್ರು ತಾವಾಗಿ ಕೈ ಎತ್ತಿದರು. ಸಮುದ್ರ ನೋಡಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಯಜಮಾನರಿಗೆ ಹೇಳಿದರಂತೆ.

ಬಂದ ಮೇಲೆ ಸಮುದ್ರದ ಬಗ್ಗೆ ಅವರು ಹೇಳಿದ್ದು ಉಪ್ಪು ಜಾಸ್ತಿ ಎಂಬುದೊಂದೇ. ಮಾತೆಲ್ಲ ಆ ಚಿಟ್ಟೆಯದು. ಅಂಗೈಯಗಲ, ಬೆಲ್ಲದ ಬಣ್ಣ, ನಾಲ್ಕು ರೆಕ್ಕೆಯಲ್ಲೂ ಒಂದೊಂದು ಚಂದ್ರನ ತುಂಡು. ನಮ್ಮ ರೇಷ್ಮೆ ಹುಳ ನಾಲ್ಕೂ ಕಡೆ ಮುಚ್ಚಿದ ಗೂಡು ಕಟ್ಟುತ್ತದೆ. ನೂಲು ಹರಿಯದೆ ಬೇಕೆಂದರೆ ಒಳಗಿನ ಜೀವವನ್ನು ಬಿಸಿಗೆ ಕೊಡಲೇಬೇಕು. ದ್ವೀಪದ್ದು ಹಾಗಲ್ಲ, ಗೂಡಿಗೆ ಒಂದು ಕಡೆ ಬಾಗಿಲು ಬಿಟ್ಟೇ ಕಟ್ಟುತ್ತದೆ. ಚಿಟ್ಟೆ ಹೊರಟುಹೋದ ಮೇಲೆ ಖಾಲಿ ಗೂಡನ್ನು ಹತ್ತಿಯ ಹಾಗೆ ನೂಲಬಹುದು. ಯಾರನ್ನೂ ಸಾಯಿಸದೆ ಸೀರೆಯಾಗುತ್ತದೆ ಎಂಬುದು ಅವರಿಗೆ ಬಲು ದೊಡ್ಡ ವಿಷಯವಾಗಿತ್ತು. ‘ನೋಡು, ಎಷ್ಟ್ ಬುದ್ಧಿವಂತೆ. ಬಾಗ್ಲು ಬಿಟ್ಟು ಮನೆ ಕಟ್ತಾಳೆ’ ಎಂದು ತಮ್ಮ ಮಗಳ ಜಾಣತನ ಹೇಳಿಕೊಂಡ ಹಾಗೆ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಆ ಕೊರತೆಯನ್ನು ಅವರು ಆಡಿದ್ದು ನಾನು ಕೇಳಿಲ್ಲ.

ಸರ್ಕಾರದ ಅನುಮತಿ ಪಡೆದು ಒಂದು ಹಿಡಿ ಗೂಡನ್ನು ಅವರು ಅಲ್ಲಿಂದ ತಂದಿದ್ದರು. ಕೋಠಿಯ ಹಿಂದುಗಡೆಯ ಒಂದು ಕೋಣೆಗೆ ಬಲೆ ಹೊಡೆಸಿ, ಹರಳು ಗಿಡದ ಎಲೆ ಹಾಕಿ ಸಾಕಿದೆವು. ನಮ್ಮ ಬಾಯಲ್ಲಿ ಆ ಚಿಟ್ಟೆಗೆ ‘ದ್ವೀಪದವಳು’ ಎಂದೇ ಹೆಸರಾಯಿತು. ನಮ್ಮ ಕಚೇರಿಯ ಸಾಹೇಬರಿಗಂತೂ ಆ ಕೋಣೆಯೆಂದರೆ ಪ್ರಾಣ. ಬಂದ ಅತಿಥಿಗಳನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಅಕ್ಕಾವ್ರು ದಿನಾ ಬೆಳಿಗ್ಗೆ ಚಪ್ಪಲಿ ಕಳಚಿ, ಕೈಕಾಲು ತೊಳೆದು ಒಳಗೆ ಹೋದರೆ ಬರುವಾಗ ಮುಖದಲ್ಲಿ ಒಂದು ನಗು ಇರುತ್ತಿತ್ತು. ಇಲ್ಲಿ ಹುಟ್ಟಿದ ಚಿಟ್ಟೆಗಳು ಮತ್ತೆ ಮೊಟ್ಟೆ ಇಟ್ಟವು, ಮತ್ತೆ ಹುಳವಾದವು. ಆದರೆ ಸಲದಿಂದ ಸಲಕ್ಕೆ ಕಡಿಮೆಯಾಗುತ್ತಾ ಬಂದವು. ನಮ್ಮ ನೀರೋ, ಹವೆಯೋ, ಅವೇ ಅವೇ ತಮ್ಮೊಳಗೆ ಕೂಡಿದ್ದಕ್ಕೋ ಗೊತ್ತಿಲ್ಲ. ಅವರ ನಿವೃತ್ತಿಗೆ ಇನ್ನೇನು ಕೆಲವೇ ತಿಂಗಳಿರುವಾಗ ಒಂದೇ ಒಂದು ಹೆಣ್ಣು ಉಳಿದು, ಮೊಟ್ಟೆ ಇಟ್ಟಿತು.

ಈಗ ನಿಯಮದ ಪ್ರಕಾರ ಆ ತಾಯಿಯನ್ನು ಅರೆದು ನೋಡಬೇಕು.

ಸಾಹೇಬರು ತಾವೇ ನಮ್ಮ ಕೋಣೆಗೆ ಬಂದರು. ಒಳ್ಳೆಯ ಮನುಷ್ಯರು, ಯಾರ ಮೇಲೂ ದನಿ ಎತ್ತಿದವರಲ್ಲ. ಅವತ್ತು ನಿಂತುಕೊಂಡೇ ಕೇಳಿಕೊಂಡರು. ಇದೊಂದನ್ನು ಬಿಟ್ಟುಬಿಡೋಣ, ಮೊಟ್ಟೆಯಿಂದ ಮರಿ ಬಂದ ಮೇಲೆ ಅವನ್ನೇ ನೋಡಿ ತಿಳಿದುಕೊಳ್ಳೋಣ, ಕಾಯಿಲೆ ಸಿಕ್ಕಿತು ಎಂದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದರು. ನಾನು ಮನಸ್ಸಿನಲ್ಲೇ ಹೂಂ ಅನ್ನುತ್ತಿದ್ದೆ. ಅಕ್ಕಾವ್ರು ಅವರ ಮುಖವನ್ನೇ ನೋಡಿ ಹೇಳಿದರು:

‘ಗೋಡೆ ಆಚೆ ಕೋಣೇಲಿ ರೈತ್ರ ಮೊಟ್ಟೆ ಅವೆ ಸಾರ್. ಅವರ ಮನೆ ಹೆಣ್ಮಕ್ಳು ತಟ್ಟೆ ಇಟ್ಕೊಂಡು ಕಾಯ್ತಾ ಕೂತವ್ರೆ. ಇವಳು ನಂಗೆ ಬೇಕಾದವಳು ಅಂತ ಬುಟ್ಬುಟ್ರೆ, ಇಷ್ಟ್ ದಿನ ಅರೆದ್ನಲ್ಲ, ಅವೆಲ್ಲ ಯಾರಿಗೂ ಬೇಡದವಾ?’

ಸಾಹೇಬರು ಹೊರಗೆ ಹೋದರು. ಅಕ್ಕಾವ್ರು ದ್ವೀಪದವಳನ್ನು ಅಂಗೈ ಮೇಲೆ ಇಟ್ಟುಕೊಂಡರು. ಅದರ ರೆಕ್ಕೆ ಅವರ ಕೈ ತುಂಬಿ ಆಚೆಗೂ ಚಾಚಿತ್ತು. ಊದಿದರು. ‘ಬಾ ತಾಯಿ’ ಎಂದರು, ಅಷ್ಟಕ್ಕೇ ನಿಲ್ಲಿಸಿದರು. ಅರೆದು, ಹನಿ ಇಟ್ಟು, ಬಹಳ ಹೊತ್ತು ನೋಡಿ ಎದ್ದರು. ನೀನೂ ನೋಡು ಎಂದು ನನಗೆ ಜಾಗ ಬಿಟ್ಟರು. ಕಣ್ಣಿಟ್ಟೆ. ಹೊಳೆಯುವ ಕಾಳುಗಳು ಇದ್ದವು. ಇಲ್ಲ ಅನ್ನಲು ದಾರಿಯೇ ಇರಲಿಲ್ಲ.

ಮೊಟ್ಟೆಗಳನ್ನು ಅವರೇ ಒಯ್ದು ಸುಟ್ಟರು. ಕೋಣೆ ತೊಳೆಸಿದರು. ಕೈ ತೊಳೆದು ಬಂದು ಡಬ್ಬಿ ಬಿಚ್ಚಿ, ಮುದ್ದೆ, ಸೊಪ್ಪಿನ ಸಾರು ಪೂರ್ತಿ ಊಟ ಮಾಡಿದರು. ಆ ಊಟವನ್ನು ಕಚೇರಿಯಲ್ಲಿ ಯಾರೂ ಮರೆಯಲಿಲ್ಲ. ಕಲ್ಲೆದೆ ಎಂದರು. ಇಷ್ಟು ವರ್ಷ ಸಾಕಿದ್ದನ್ನು ಸುಟ್ಟು ಊಟಕ್ಕೆ ಕೂತಳಲ್ಲ ಎಂದರು. ನನಗೂ ಸಿಟ್ಟಿತ್ತು, ಅವರು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಸಿಟ್ಟಿತ್ತು. ಯೋಜನೆ ಮುಚ್ಚಿತು. ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆದವು, ದ್ವೀಪದ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅಕ್ಕಾವ್ರೂ ಎತ್ತಲಿಲ್ಲ. ಅವರಿಗೆ ನೋವಾಗಿತ್ತೋ ಇಲ್ಲವೋ ಎನ್ನುವುದು ನನಗೆ ಒಂದು ಮುಳ್ಳಾಗಿ ಉಳಿಯಿತು. ಹೋಗಿ ಕೇಳುವ ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ.

ಆಮೇಲೆಯೇ ನಾನು ಸಿದ್ಧಾರ್ಥನಗರದಿಂದ ಬಸ್ಸು ಬದಲಿಸಿಕೊಂಡು ಮೇಟಗಳ್ಳಿಯ ಅವರ ಮನೆಗೆ ಹೋಗಲು ಶುರುಮಾಡಿದ್ದು. ಹಿತ್ತಲಲ್ಲಿ ಬದನೆ, ದಂಟು, ಒಂದು ನಿಂಬೆ ಗಿಡ. ಗಂಡ ಹೆಂಡತಿ ಟಿವಿಯ ರಿಮೋಟಿಗೆ ಜಗಳವಾಡುತ್ತಾ ಸುಖವಾಗಿದ್ದರು. ಖಾರವಿಲ್ಲದ ಶುಂಠಿ ಟೀ ಕೊಡುತ್ತಿದ್ದರು, ನಾನು ಆಡಿಕೊಂಡು ಕುಡಿಯುತ್ತಿದ್ದೆ. ಎಲ್ಲ ಮಾತೂ ಬರುತ್ತಿತ್ತು, ಅದೊಂದು ಬಿಟ್ಟು.

ಕೆಲವು ವರ್ಷಗಳಾದ ಮೇಲೆ ನಮ್ಮ ಮನೆಯವರು ಸರ್ಕಾರಿ ಖರ್ಚಿನ ಎಲ್‌ಟಿಸಿ ರಜೆ ಹಾಕಿ ಅಂಡಮಾನಿಗೆ ಹೋಗೋಣ ಎಂದರು. ಸರ್ಕಾರಿ ನೌಕರರಿಗೆ ಈಗ ಅದು ಕರಿನೀರಲ್ಲ, ಕಾಶಿಯ ಲೆಕ್ಕ. ಪ್ಲೇನಿನ ತುಂಬ ನಮ್ಮಂಥವರೇ. ಹೊರಡುವ ಮುಂಚೆ ಅಕ್ಕಾವ್ರಿಗೆ ಹೇಳಲು ಹೋದೆ. ಉಪ್ಪಿನಕಾಯಿ ಕಟ್ಟಿಕೊಂಡು ಹೋಗು, ಅಲ್ಲಿಯ ಊಟ ಸಪ್ಪೆ ಎಂದರು, ಅಷ್ಟೇ.

ಅಲ್ಲಿ ಹೊತ್ತು ಬೇಗ ಮುಳುಗುತ್ತದೆ. ಇನ್ನೂ ಸಂಜೆಯ ಟೀ ವೇಳೆ, ಆಗಲೇ ಪೂರ್ತಿ ಕತ್ತಲು. ನಾವು ಇಳಿದುಕೊಂಡಿದ್ದ ಕಾಡಂಚಿನ ಗೆಸ್ಟ್‌ಹೌಸಿನ ವರಾಂಡಾಕ್ಕೆ ಬಂದೆ, ಟ್ಯೂಬ್‌ಲೈಟಿನ ಪಕ್ಕದ ಗೋಡೆಯ ಮೇಲೆ ಅದು ಕೂತಿತ್ತು. ಬೆಲ್ಲದ ಬಣ್ಣ. ನಾಲ್ಕು ಚಂದ್ರನ ತುಂಡು. ಸತ್ತವರು ಎದುರಿಗೆ ಬಂದು ನಿಂತಂತೆ ಆಯಿತು ಎಂದರೆ ಸುಳ್ಳಲ್ಲ. ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ.

ಅಕ್ಕಾವ್ರು ಹಿತ್ತಲಲ್ಲಿ ಇದ್ದರು. ಅಲ್ಲಿ ಇನ್ನೂ ಬಿಸಿಲು. ಕಣ್ಣಿಗೆ ಕೈ ಅಡ್ಡ ಹಿಡಿದು, ಏನಮ್ಮ, ಸಮುದ್ರ ನೋಡಿದ್ಯಾ ಎಂದರು. ನಾನು ಫೋನನ್ನು ಗೋಡೆಯ ಕಡೆ ತಿರುಗಿಸಿದೆ. ಅವರಿಗೆ ಕಾಣಿಸುತ್ತಿದೆಯೇ ಎಂದು ಸ್ಕ್ರೀನ್ ನೋಡಿದರೆ, ಕನ್ನಡಕ ತೆಗೆದು ಬಲಗಣ್ಣನ್ನು ಫೋನಿಗೆ ತಾಗುವಷ್ಟು ಹತ್ತಿರ ತಂದಿದ್ದರು, ಮೈಕ್ರೋಸ್ಕೋಪಿಗೆ ಇಡುವ ಹಾಗೆ.

‘ಹೊಟ್ಟೆ ನೋಡು, ಹೆಣ್ಣು’ ಎಂದರು. ಆಮೇಲೆ, ‘ಇದಾಳೆ ಕಣಮ್ಮ. ನೀವೆಲ್ಲ ನಾನು ಸುಟ್ಬುಟ್ಟೆ ಅಂದ್ಕೊಂಡ್ರಿ. ನಂಗೂ ಅಂಗೇ ಅನ್ಸ್‌ಬುಟ್ಟಿತ್ತು, ಪೂರ್ತಿ ಸುಟ್ಬುಟ್ಟೆ ಅಂತ. ಇದಾಳಲ್ಲ, ಅವಳ ಮನೇಲಿ ಅವಳು’ ಎಂದರು.

ಅವರು ಅಳುತ್ತಿದ್ದರು, ಮುಚ್ಚಿಕೊಳ್ಳಲಿಲ್ಲ. ನಾನೂ ಅತ್ತೆ. ಹಿಡಿಯಲಾ, ಹತ್ತಿರ ತೋರಿಸುತ್ತೇನೆ ಎಂದೆ. ಬೇಡ, ಮೊಟ್ಟೆ ಇಡಲು ಹೊರಟವಳು, ತಡೆಯಬೇಡ ಎಂದರು. ಊದಲಾ ಎಂದೆ. ಅದಕ್ಕೆ ಅಳುವಿನಲ್ಲೂ ನಕ್ಕುಬಿಟ್ಟರು.

‘ಊದ್ಬೇಡ. ಲೈಟ್ ಆರ್ಸು.’

ಆರಿಸಿದೆ. ಸ್ಕ್ರೀನಿನಲ್ಲಿ ನನಗೆ ಅವರು ಬಿಸಿಲಿನಲ್ಲಿ, ನಿಂಬೆ ಗಿಡದ ಪಕ್ಕ, ಸ್ಪಷ್ಟವಾಗಿ ಕಾಣುತ್ತಿದ್ದರು. ಅವರಿಗೆ ನನ್ನ ಕಡೆಯಿಂದ ಬರೀ ಕತ್ತಲು. ಆದರೂ ನೋಡುತ್ತಲೇ ಇದ್ದರು. ಗೋಡೆಯ ಹತ್ತಿರ ಒಂದು ಸಣ್ಣ ಪಟಪಟ ಆಯಿತು. ಹೋದಳು ಎಂದೆ. ‘ಹೋಗ್ಲಿ ಬುಡು’ ಎಂದರು.

ಮೈಸೂರಿಗೆ ಬಂದ ವಾರವೇ ಮೇಟಗಳ್ಳಿಗೆ ಹೋದೆ. ಗೇಟು ತೆಗೆಯುವಾಗಲೇ ಒಳಗಿನಿಂದ ಟಣಟಣ ಸದ್ದು. ಹಜಾರದ ನಡುವೆ ಯಜಮಾನರು ಕಾಲು ಚಾಚಿ ಕೂತು, ತಮ್ಮದೇ ಮನೆಯಲ್ಲಿ, ಎಲೆ ಅಡಿಕೆ ಕುಟ್ಟುತ್ತಿದ್ದರು. ನನ್ನ ಮುಖ ನೋಡಿ, ಪರ್ಮಿಷನ್ ಸಿಕ್ತು ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

‘ಅವತ್ತು ಚಿಟ್ಟೆ ಮೊಟ್ಟೆ ಸುಟ್ಬುಟ್ಟು ಬಂದವಳು, ಚಪ್ಲೀನೂ ಬಿಡ್ಲಿಲ್ಲ, ಕುಟ್ಟಾಣಿ ತಗೊಂಡೋಗಿ ಪಕ್ಕದ ಮನೆಗೆ ಕೊಟ್ಬುಟ್ಲು. ಸದ್ದು ಕೇಳಕ್ಕಾಗಲ್ಲ ಅಂತ. ಮೊನ್ನೆ ನಿನ್ ಫೋನ್ ಬಂತಲ್ಲ, ಇಟ್ಟವಳೇ ಹೋಗಿ ಇಸ್ಕೊಂಡ್ ಬಂದ್ಲು.’

ಅಷ್ಟರಲ್ಲಿ ಅಕ್ಕಾವ್ರು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಯಿಂದ ಬಂದು, ಆಯಿತೇನ್ರೀ ನಿಮ್ಮದು, ತನ್ನಿ ಇತ್ತ, ತೊಳೀಬೇಕು ಎಂದು ಅವರ ಕೈಯಿಂದ ಕುಟ್ಟಾಣಿ ಕಿತ್ತುಕೊಂಡು ಒಳಗೆ ಹೋದರು. ಒಳಗಿನಿಂದ ಮತ್ತೆ ಟಣಟಣ ಕೇಳಿಸಿತು, ಈ ಸಲ ಶುಂಠಿ. ಅವತ್ತಿನ ಟೀ ಗಂಟಲು ಸುಡುವಷ್ಟು ಖಾರವಾಗಿತ್ತು. ಕಣ್ಣಲ್ಲಿ ನೀರು ಬಂದರೂ ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದೆ.